ಶೇರಿನ ಫೇಸ್ ವ್ಯಾಲ್ಯೂ, ಪ್ರೀಮಿಯಂ, ಪೇಡ್ ಅಪ್ ಕ್ಯಾಪಿಟಲ್: ನಮ್ಮ ಕಡಿ ಮಂದಿ ಪದೇ ಪದೇ ಕೇಳೂ ಪ್ರಶ್ನೆಗಳು

ಬಾಗಲಕೋಟಿ ನವನಗರದಾಗ ಕುಂತು ಸಣ್ಣ ಸಣ್ಣ ಕಂಪನಿಗಳ ಲೆಕ್ಕಾ ಬರಿಯೂದು ನನ್ನ ಕೆಲಸ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವ್ರು, ತಿಕೋಟಾ ಕಡಿಯ ಒಣದ್ರಾಕ್ಷಿ ಮಂದಿ, ಬನಹಟ್ಟಿ ಮಗ್ಗದವ್ರು, ಊರೂರಿನ ರೈತ ಕಂಪನಿಯವ್ರು ಎಲ್ಲಾರೂ ಬರ್ತಾರ. ಫೋನಿನ್ಯಾಗ, ಆಫೀಸಿನ್ಯಾಗ, ಮದುವಿ ಊಟದ ಪಂಕ್ತಿಯೊಳಗ ಸೈತ ಕೇಳೂ ಪ್ರಶ್ನಿ ಹೆಚ್ಚು ಕಡಿಮಿ ಇವ. ಕೇಳಿದವ್ರ ಮಾತಿನ್ಯಾಗ ಇಟ್ಟೀನಿ. ಕಾಯ್ದೆ ಅಂತ ಬರದಲ್ಲೆಲ್ಲಾ 2013ರ ಕಂಪನಿ ಕಾಯ್ದೆ ಅಂತ ತಿಳ್ಕೊರಿ.

## ಮೊದಲಿಂದ

ಶೇರಿನ ಮ್ಯಾಲ 10 ರೂಪಾಯಿ ಅಂತ ಬರದಿರ್ತೈತಿ, ಮಾರ್ಕೆಟಿನ್ಯಾಗ 800 ನಡದಿರ್ತೈತಿ. ಹಂಗಾದ್ರ ಈ 10 ಯಾವ ಲೆಕ್ಕಾ ಅಕ್ಕಾರ?

ಆ 10 ರೂಪಾಯಿ ಫೇಸ್ ವ್ಯಾಲ್ಯೂ, ಪುಸ್ತಕದ ಕನ್ನಡದಾಗ ಮುಖಬೆಲೆ. ಅದು ಶೇರಿನ ರೇಟ್ ಅಲ್ರಿ. ಕಂಪನಿ ಹುಟ್ಟುವಾಗ ಮೆಮೊರಾಂಡಮ್ ಅನ್ನೂ ಮೂಲ ಕಾಗದದಾಗ ನಮ್ಮ ಬಂಡವಾಳ ಇಷ್ಟು, ಅದನ್ನ ಇಷ್ಟಿಷ್ಟು ರೂಪಾಯಿಯ ತುಂಡು ಮಾಡೀವಿ ಅಂತ ಬರಕೊಟ್ಟಿರ್ತಾರಲ್ಲ, ಆ ಒಂದು ತುಂಡಿನ ಅಳತಿ ಅದು. ಮಾರ್ಕೆಟ್ ರೇಟ್ ದಿನಾ ಏರ್ತೈತಿ ಇಳಿತೈತಿ, ಅದು ಕೊಳ್ಳಾವ್ರು ಮಾರಾವ್ರ ನಡುವಿನ ವ್ಯವಹಾರ, ಕಂಪನಿ ಪುಸ್ತಕಕ್ಕ ಅದರಿಂದ ಒಂದು ಪೈಸಾ ಬರೂದಿಲ್ಲ. ಎಂಆರ್‌ಎಫ್ ಶೇರ್ 2023ರ ಜೂನ್‌ದಾಗ 1 ಲಕ್ಷ ರೂಪಾಯಿ ದಾಟ್ತು, ಫೇಸ್ ವ್ಯಾಲ್ಯೂ ಆವಾಗೂ 10 ರೂಪಾಯಿನ, ಶೇರ್ ಇರೂದು ಸುಮಾರು 42 ಲಕ್ಷ 41 ಸಾವಿರ, ಹಿಂಗಾಗಿ ಅಷ್ಟ ದೊಡ್ಡ ಕಂಪನಿಯ ಬ್ಯಾಲೆನ್ಸ್ ಶೀಟಿನ್ಯಾಗ ಶೇರ್ ಕ್ಯಾಪಿಟಲ್ ಅನ್ನೂ ಸಾಲಿನ ಮುಂದ ಬರೇ 4 ಕೋಟಿ 24 ಲಕ್ಷ ಐತಿ.

ಹಂಗಿದ್ರ ಅದನ್ನ ಇಟ್ಟಾರ ಯಾಕ? ಕಂಪನಿ ಮಾಡಿದವ್ರ ಜವಾಬ್ದಾರಿ ಶೇರಿಗೆ ಕೊಡಬೇಕಾದ ರೊಕ್ಕಕ್ಕಷ್ಟ ಸೀಮಿತ, ಕಂಪನಿ ಮುಳುಗಿದ್ರ ಸಾಲಾ ಕೊಟ್ಟಾವ ಅವರ ಮನಿ ಹೊಲಾ ಮುಟ್ಟಾಕ ಬರೂದಿಲ್ಲ, ಬ್ಯಾರೆ ಗ್ಯಾರಂಟಿ ಬರಕೊಟ್ಟಿದ್ರ ಮಾತ ಬ್ಯಾರೆ. ಅಷ್ಟ ದೊಡ್ಡ ಸವಲತ್ತು ಕೊಟ್ಟ ಮ್ಯಾಲ ಕಾಯ್ದೆ ಒಂದು ಮಾತು ವಾಪಸ್ ಕೇಳ್ತೈತಿ: ಮಾಲಕರು ಇಷ್ಟು ರೊಕ್ಕಾ ಖರೇನ ಹಾಕಿರಬೇಕು, ಹಾಕಿದ್ದನ್ನ ತಮಗ ಬೇಕಾದಾಗ ತಕ್ಕೊಂಡು ಹೋಗಬಾರದು. ನಮ್ಮ ಮನ್ಯಾಗ ಬೀಜಕ್ಕಂತ ತಗದಿಟ್ಟ ಜ್ವಾಳ ಇರ್ತೈತಲ್ಲ, ಎಂಥಾ ಅಡಚಣಿ ಬಂದ್ರೂ ಅದನ್ನ ಬೀಸಾಕ ಒಯ್ಯೂದಿಲ್ಲ. ಶೇರ್ ಕ್ಯಾಪಿಟಲ್ ಖಾತಿ ಅಂದ್ರ ಆ ಜ್ವಾಳದ ಚೀಲ. ಮುಂದ ಬರೂ ಎಲ್ಲಾ ನಿಯಮ ಈ ಒಂದು ಮಾತಿನಿಂದ ಹುಟ್ಟಿದ್ದು.

ಆಥರೈಸ್ಡ್, ಇಶ್ಯೂಡ್, ಸಬ್‌ಸ್ಕ್ರೈಬ್ಡ್, ಪೇಡ್ ಅಪ್... ನಾಕೂ ಒಂದ ಅಲ್ಲೇನ್ರಿ, ಯಾಕ ಇಷ್ಟ ಹೆಸರು?

ಅಲ್ರಿ, ನಾಕೂ ಬ್ಯಾರೆ. ಒಂದು ಕಂಪನಿ ತಗೊಳ್ರಿ, ಮೆಮೊರಾಂಡಮ್‌ದಾಗ 10 ರೂಪಾಯಿದು 1 ಲಕ್ಷ ಶೇರ್ ಅಂತ ಬರದೈತಿ, ಅಂದ್ರ ಆಥರೈಸ್ಡ್ 10 ಲಕ್ಷ. ಇದು ಮಿತಿ ಅಷ್ಟ, ರೊಕ್ಕ ಅಲ್ಲ. ಅದರಾಗ 60 ಸಾವಿರ ಶೇರ್ ಕೊಡ್ತೀವಿ ಅಂತ ಹೊರಗ ತಗದ್ರು, ಇಶ್ಯೂಡ್ 6 ಲಕ್ಷ. ಮಂದಿ ತಗೊಂಡದ್ದು 50 ಸಾವಿರ, ಸಬ್‌ಸ್ಕ್ರೈಬ್ಡ್ 5 ಲಕ್ಷ. ಕಂಪನಿ ಇಲ್ಲೀತನಕ ಒಂದೊಂದು ಶೇರಿಗೆ 8 ರೂಪಾಯಿ ಕೇಳೈತಿ, ಅದು 4 ಲಕ್ಷ ಆತು. ಒಬ್ಬಾಂವ 1,000 ಶೇರಿನಾಂವ ಕಡೀ 2 ರೂಪಾಯಿ ಕಂತು ಕಟ್ಟಿಲ್ಲ, 2,000 ಬಾಕಿ, ಹಂಗಾಗಿ ಪೇಡ್ ಅಪ್ 3,98,000.

ಲೆಕ್ಕದ ಮೊತ್ತಕ್ಕ ಕೂಡೂದು ಈ ಕಡೀದೊಂದ. ಮ್ಯಾಲಿನ ಮೂರೂ ಬ್ಯಾಲೆನ್ಸ್ ಶೀಟಿನ ನೋಟಿನ್ಯಾಗ ತಿಳವಳಿಕಿಗೆ ತೋರಸ್ತಾರ. ಲೆಟರ್‌ಹೆಡ್ ಮ್ಯಾಲ ಆಥರೈಸ್ಡ್ 1 ಕೋಟಿ ಅಂತ ಹಾಕ್ಕೊಂಡ ಕಂಪನಿ ನೋಡಿ ಮಂದಿ 1 ಕೋಟಿ ಐತಿ ಅಂತ ತಿಳ್ಕೊಂಡು ಉದ್ರಿ ಮಾಲು ಕೊಡ್ತಾರ, ದಯವಿಟ್ಟು ಹಂಗ ಮಾಡಬ್ಯಾಡ್ರಿ, ಪೇಡ್ ಅಪ್ ಎಷ್ಟು ಅಂತ ಕೇಂದ್ರ ಸರ್ಕಾರದ ಕಂಪನಿ ಇಲಾಖೆಯ ಎಂಸಿಎ ಪೋರ್ಟಲ್‌ದಾಗ ಕಂಪನಿ ಹೆಸರು ಹಾಕಿ ನೋಡಿದ್ರ ಕಾಣಸ್ತೈತಿ.

ಪೇಡ್ ಅಪ್ 10 ಲಕ್ಷ ಅಂದ್ರ ಬ್ಯಾಂಕಿನ್ಯಾಗ ಯಾವಾಗೂ 10 ಲಕ್ಷ ಇರಬೇಕಲ್ಲ?

ಇರಬೇಕಂತಿಲ್ಲ. ಆ ರೊಕ್ಕಾ ಮಶಿನ್ ಆಗಿರ್ತೈತಿ, ಗೋಡೌನಿನ ಮಾಲು ಆಗಿರ್ತೈತಿ, ಪಗಾರ ಆಗಿ ಹೋಗಿರ್ತೈತಿ. ಕ್ಯಾಪಿಟಲ್ ಖಾತಿ ಹೇಳೂದು ರೊಕ್ಕಾ ಎಲ್ಲಿಂದ ಬಂತು ಅಂತ, ಈಗ ಎಲ್ಲಿ ಐತಿ ಅಂತ ಅಲ್ಲ. ಲುಕ್ಸಾನ ಆದ್ರೂ ಆ 10 ಲಕ್ಷದ ಸಾಲು ಹಂಗ ಇರ್ತೈತಿ, ಲುಕ್ಸಾನ ಬ್ಯಾರೆ ಸಾಲಿನ್ಯಾಗ, ರಿಸರ್ವ್ಸ್ ಅಂಡ್ ಸರ್ಪ್ಲಸ್ ಕೆಳಗ ಮೈನಸ್ ಆಗಿ ಕುಂದರ್ತೈತಿ.

ಫೇಸ್ ವ್ಯಾಲ್ಯೂ 10 ಅನ ಇರಬೇಕೇನು? 1 ರೂಪಾಯಿ, 100 ರೂಪಾಯಿ ಇಡಾಕ ಬರ್ತೈತಿಲ್ಲೋ?

ಪ್ರೈವೇಟ್ ಕಂಪನಿ ಇದ್ರ ನಿಮ್ಮ ಇಚ್ಛಾ, 1, 10, 100, 1,000 ಯಾವುದಾದ್ರೂ ಇಡ್ರಿ. ಮಾರ್ಕೆಟಿಗೆ ಬರೂ ಕಂಪನಿಗಳಿಗೆ ಮೊದಲ 10 ಇಲ್ಲಾ 100 ಅಂತ ಕಟ್ಟು ಇತ್ತು, 1999ರಾಗ ಶೇರ್ ಮಾರ್ಕೆಟ್ ನೋಡ್ಕೊಳ್ಳೂ ಸೆಬಿ ಅದನ್ನ ಸಡಲ ಮಾಡ್ತು. ಆಮ್ಯಾಲ ಕೆಲವು ವರ್ಷ ಐಪಿಒ, ಅಂದ್ರ ಮಂದಿಗೆ ಮೊದಲ ಸಲ ಶೇರ್ ಮಾರೂ ರೇಟ್ 500 ಇಲ್ಲಾ ಅದಕ್ಕಿಂತ ಮ್ಯಾಲಿದ್ರ 10ಕ್ಕಿಂತ ಕಡಿಮಿ ಇಡಬಹುದಿತ್ತು, ಆದ್ರ 1 ರೂಪಾಯಿಕಿಂತ ಕೆಳಗ ಇಳಿಯಂಗಿರಲಿಲ್ಲ. 500ರ ಒಳಗಿದ್ರ 10 ಅನ ಇರಬೇಕಿತ್ತು, ಈಗ ಆ 500ರ ಕಟ್ಟು ಇಲ್ಲ.

1 ಲಕ್ಷ ಕ್ಯಾಪಿಟಲ್ ಇಲ್ದ ಪ್ರೈವೇಟ್ ಲಿಮಿಟೆಡ್ ಮಾಡಾಕ ಬರೂದಿಲ್ಲ ಅಂತಾರಲ್ಲ ಮೇಡಂ?

ಅದು ಹಳೇ ಮಾತು. ಪ್ರೈವೇಟಿಗೆ 1 ಲಕ್ಷ, ಪಬ್ಲಿಕ್‌ಗೆ 5 ಲಕ್ಷ ಅನ್ನೂ ಕನಿಷ್ಠ ಮಿತಿಯನ್ನ 2015ರ ತಿದ್ದುಪಡಿಯೊಳಗ ತಗದ ಹಾಕ್ಯಾರ. ಆದ್ರ ಎಷ್ಟು ಬರಕೊಟ್ಟೀರೋ ಅಷ್ಟನ್ನ ಖರೇನ ಕಂಪನಿ ಬ್ಯಾಂಕ್ ಖಾತಿಗೆ ಹಾಕಬೇಕು, ಹಾಕೀವಿ ಅಂತ ಕಂಪನಿ ನೋಂದಣಿ ಆದ 180 ದಿನದಾಗ ಐಎನ್‌ಸಿ 20ಎ ಫಾರ್ಮ್ ಕೊಡಬೇಕು. ಅದು ಕೊಡೂತನಕ ಧಂದಾ ಶುರು ಮಾಡಂಗಿಲ್ಲ, ಸಾಲಾನೂ ಎತ್ತಂಗಿಲ್ಲ. ಕಾಗದದ ಮ್ಯಾಲ 10 ಲಕ್ಷ ಅಂತ ಬರದು 2 ಲಕ್ಷ ಹಾಕಿ ಸುಮ್ನ ಕುಂತವ್ರು ಬಾಳ ಮಂದಿ ಅದಾರ, ಈ ಫಾರ್ಮ್ ಬಂದಿದ್ದು ಅದಕ್ಕ.

## ಪುಸ್ತಕದಾಗ ಬರಿಯೂದು

ಫೇಸ್ ವ್ಯಾಲ್ಯೂ 10 ಐತಿ, ನಾವು 50 ರೂಪಾಯಿಗೆ ಕೊಟ್ಟೀವಿ. ಟ್ಯಾಲಿಯೊಳಗ ಎಂಟ್ರಿ ಹೆಂಗ ಹಾಕೂದು?

10,000 ಶೇರ್ ಅಂತ ಹಿಡೀರಿ. ಬ್ಯಾಂಕಿಗೆ 5 ಲಕ್ಷ ಬಂತು. ಅದರಾಗ 1 ಲಕ್ಷ, ಅಂದ್ರ ಶೇರಿಗೆ 10ರಂಗ, ಶೇರ್ ಕ್ಯಾಪಿಟಲ್ ಖಾತಿಗೆ ಕ್ರೆಡಿಟ್. ಉಳದ 4 ಲಕ್ಷ, ಶೇರಿಗೆ 40ರಂಗ, ಸೆಕ್ಯುರಿಟೀಸ್ ಪ್ರೀಮಿಯಂ ಖಾತಿಗೆ ಕ್ರೆಡಿಟ್. ಇನ್ಫೋಸಿಸ್ 1993ರಾಗ ಮಾರ್ಕೆಟಿಗೆ ಬಂದಾಗ 10 ರೂಪಾಯಿ ಶೇರನ್ನ 95ಕ್ಕ ಕೊಟ್ಟಿತ್ತು, ಆವಾಗೂ ಹಿಂಗ, 10 ಇತ್ಲಾಗ 85 ಅತ್ಲಾಗ. ಎಷ್ಟ ದೊಡ್ಡ ಕಂಪನಿ ಆದ್ರೂ ಎಂಟ್ರಿ ಇದ.

ಆದ್ರ ನಡುವ ಒಂದು ಮೆಟ್ಟಲು ಐತಿ, ಅದನ್ನ ಮಂದಿ ಜಿಗದ ಬಿಡ್ತಾರ. ರೊಕ್ಕಾ ಬಂದ ದಿನಾನ ಅದು ಕ್ಯಾಪಿಟಲ್ ಆಗೂದಿಲ್ಲ. ಬೋರ್ಡ್ ಮೀಟಿಂಗಿನ್ಯಾಗ ಶೇರ್ ಅಲಾಟ್ ಮಾಡೀವಿ ಅಂತ ಠರಾವು ಆಗೂತನಕ ಅದು ಶೇರ್ ಅಪ್ಲಿಕೇಶನ್ ಮನಿ, ಬ್ಯಾರೆ ಖಾತಿಯೊಳಗ ಇರ್ತೈತಿ, ಅದನ್ನ ಖರ್ಚು ಮಾಡಂಗಿಲ್ಲ. ಬ್ಯಾಂಕ್ ಡೆಬಿಟ್, ಅಪ್ಲಿಕೇಶನ್ ಖಾತಿ ಕ್ರೆಡಿಟ್ ಮೊದಲ, ಅಲಾಟ್ ಆದ ದಿನಾ ಅಪ್ಲಿಕೇಶನ್ ಖಾತಿ ಡೆಬಿಟ್ ಮಾಡಿ ಕ್ಯಾಪಿಟಲ್ ಮತ್ತ ಪ್ರೀಮಿಯಂ ಕ್ರೆಡಿಟ್.

ನಮ್ಮ ಕಡಿ ಹೆಚ್ಚಾಗಿ ಗೆಳ್ಯಾರು, ಬೀಗ್ರು, ಪರಿಚಯದವ್ರ ಕಡಿಂದ ರೊಕ್ಕಾ ತಗೋತೀವಲ್ಲ, ಅದು ಪ್ರೈವೇಟ್ ಪ್ಲೇಸ್‌ಮೆಂಟ್ ಆಗ್ತೈತಿ, 42ನೇ ಸೆಕ್ಷನ್. ಅದಕ್ಕ ನಗದು ನಡಿಯೂದಿಲ್ಲ, ಚೆಕ್ ಇಲ್ಲಾ ಬ್ಯಾಂಕಿನ ಮುಖಾಂತರಾನ ಬರಬೇಕು, ಅದೂ ಶೇರ್ ಯಾರ ಹೆಸರಿಗೆ ಹೋಗ್ತೈತೋ ಅವರ ಖಾತಿಯಿಂದ. ಅಣ್ಣನ ಹೆಸರಿಗೆ ಶೇರ್, ರೊಕ್ಕಾ ತಮ್ಮನ ಖಾತಿಯಿಂದ, ಹಿಂಗ ಬಂದ್ರ ನಾ ವಾಪಸ್ ಕಳಸಾಕ ಹೇಳ್ತೀನಿ. ರೊಕ್ಕಾ ಬಂದ 60 ದಿನದಾಗ ಅಲಾಟ್ ಮಾಡಬೇಕು, ಆಗಲಿಲ್ಲ ಅಂದ್ರ ಅದರ ಮುಂದಿನ 15 ದಿನದಾಗ ವಾಪಸ್ ಕೊಡಬೇಕು, ಅದನ್ನೂ ಮಾಡಲಿಲ್ಲ ಅಂದ್ರ 60ನೇ ದಿನದಿಂದ ಹಿಡದು ವರ್ಷಕ್ಕ 12 ಪರ್ಸೆಂಟ್ ಬಡ್ಡಿ. ಅಲಾಟ್ ಆದ ಮ್ಯಾಲ 15 ದಿನದಾಗ ಪ್ಯಾಸ್ 3 ಫಾರ್ಮ್ ಹಾಕಬೇಕು, ಹಾಕೂತನಕ ಆ ರೊಕ್ಕಾ ಮುಟ್ಟಂಗಿಲ್ಲ.

ಪ್ರೀಮಿಯಂ ಅಂದ್ರ ನಮಗ ಆದ ಲಾಭಾನ ಅಲ್ಲೇನ್ರಿ? ಡಿವಿಡೆಂಡ್ ಹಂಚಿದ್ರ ಏನಾಗ್ತೈತಿ?

ಅಲ್ಲ. ಮಾಲು ಮಾರಿ ಬಂದದ್ದು ಲಾಭ, ಮಾಲಕ ಹಾಕಿದ ರೊಕ್ಕಾ ಲಾಭ ಹೆಂಗ ಆಗ್ತೈತಿ? ಅಂವ 50 ಕೊಟ್ಟಾನ, 10 ಫೇಸ್ ವ್ಯಾಲ್ಯೂ ಅಂತ ಅನಸ್ತು, 40 ಪ್ರೀಮಿಯಂ ಅಂತ ಅನಸ್ತು, ಎರಡೂ ಅಂವ ಹಾಕಿದ ಬಂಡವಾಳಾನ.

52ನೇ ಸೆಕ್ಷನ್ ಪ್ರೀಮಿಯಂ ಬಳಸಾಕ ಐದು ದಾರಿ ಅಷ್ಟ ಬಿಟ್ಟೈತಿ: ಪೂರಾ ಕಟ್ಟಿದ ಬೋನಸ್ ಶೇರ್ (ಇದ್ದ ಶೇರುದಾರರಿಗೆ ರೊಕ್ಕಾ ತಗೊಳ್ದ ಕೊಡೂದು) ಕೊಡಾಕ, ಕಂಪನಿ ಹುಟ್ಟಿಸಾಕ ಆದ ಖರ್ಚು ಹೊಡದ ಹಾಕಾಕ, ಶೇರ್ ಇಲ್ಲಾ ಡಿಬೆಂಚರ್ (ಕಂಪನಿಯ ಸಾಲಪತ್ರ) ಕೊಡಾಕ ಆದ ಖರ್ಚು ಕಮಿಷನ್ ಹೊಡದ ಹಾಕಾಕ, ಪ್ರಿಫರೆನ್ಸ್ ಶೇರ್ (ಡಿವಿಡೆಂಡಿನ್ಯಾಗ ಮೊದಲ ಹಕ್ಕು ಇರೂ ಶೇರ್) ಇಲ್ಲಾ ಡಿಬೆಂಚರ್ ವಾಪಸ್ ಕೊಡುವಾಗ ಮ್ಯಾಲ ಕೊಡೂ ಪ್ರೀಮಿಯಂಗೆ, ಕಂಪನಿನ ತನ್ನ ಶೇರ್ ವಾಪಸ್ ಕೊಳ್ಳೂ ಬೈಬ್ಯಾಕ್‌ಗೆ. ಬ್ಯಾರೆ ಯಾವುದಕ್ಕ ಮುಟ್ಟಿದ್ರೂ ಶೇರ್ ಕ್ಯಾಪಿಟಲ್ ಕಡಿಮಿ ಮಾಡಿದಂಗ ಲೆಕ್ಕಾ, ಅದಕ್ಕ ಕಂಪನಿ ಕೇಸ್ ನೋಡೂ ಟ್ರಿಬ್ಯುನಲ್ ಒಪ್ಪಗಿ ಬೇಕು. ಡಿವಿಡೆಂಡ್ ಅಂತೂ ಆಗೂದ ಇಲ್ಲ.

ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಒಂದು ಕಂಪನಿ ಪುಸ್ತಕ ಕೈಗೆ ಬಂತು, ಹಿಂದಿನ ಲೆಕ್ಕದಾಂವ 18 ಲಕ್ಷ ಪ್ರೀಮಿಯಂ ಅನ್ನ ಇತರೆ ಆದಾಯ ಅಂತ ಹಾಕಿಬಿಟ್ಟಿದ್ದ. ಆ ವರ್ಷದ ಲಾಭ ಚೆನ್ನಾಗಿ ಕಂಡಿದ್ದಕ್ಕ ಮಾಲಕರು ಖುಷಿಯಿಂದ ಡಿವಿಡೆಂಡ್ ಕೂಡ ಹಂಚಿದ್ರು. ಮುಂದ ಬ್ಯಾಂಕಿನವ್ರು ಸಾಲದ ಫೈಲ್ ನೋಡುವಾಗ ಈ ಲಾಭಾ ಎಲ್ಲಿಂದ ಬಂತು ಅಂತ ಕೇಳಿದಾಗ ಎಲ್ಲಾ ಹೊರಗ ಬಂತು, ತಿಂಗಳಾನಗಟ್ಟಲೆ ಓಡಾಡಿ ಸರಿ ಮಾಡಬೇಕಾತು. ಅವತ್ತಿನಿಂದ ಪ್ರೀಮಿಯಂ ಎಂಟ್ರಿ ನಾನ ಕಣ್ಣಾರೆ ನೋಡೂತನಕ ಬಿಡೂದಿಲ್ಲ.

ಇದರ ಜೋಡಿ ಏಂಜಲ್ ಟ್ಯಾಕ್ಸ್ ಬಗ್ಗೆನೂ ಕೇಳ್ತಾರ. ಪ್ರೈವೇಟ್ ಕಂಪನಿ ನ್ಯಾಯವಾದ ರೇಟಿಗಿಂತ ಹೆಚ್ಚು ತಗೊಂಡ್ರ ಆ ಹೆಚ್ಚಿನ ಭಾಗಕ್ಕ ತೆರಿಗಿ ಹಾಕೂ ನಿಯಮ 2012ರಾಗ ಬಂದಿತ್ತು, 2024ರ ಜುಲೈ ಬಜೆಟ್‌ನ್ಯಾಗ ತಗದ್ರು, 2025-26ರ ಅಸೆಸ್‌ಮೆಂಟ್ ವರ್ಷದಿಂದ ಇಲ್ಲ.

ರೊಕ್ಕಾ ಒಮ್ಮೆಲೆ ಬ್ಯಾಡ, ಕಂತಿನ್ಯಾಗ ತಗೋತೀವಿ ಅಂದ್ರ ಹೆಂಗ ಬರಿಯೂದು?

ಕೇಳಿದಷ್ಟ ಕ್ಯಾಪಿಟಲ್ ಅಂತ ಬರೀರಿ, ಕೇಳದ ಇದ್ದದ್ದನ್ನ ಬರೀಬ್ಯಾಡ್ರಿ. 2020ರ ರಿಲಯನ್ಸ್ ರೈಟ್ಸ್ ಇಶ್ಯೂ (ಇದ್ದ ಶೇರುದಾರರಿಗೆ ಮೊದಲ ಕೊಡೂ ಹೊಸ ಶೇರ್) ಇದಕ್ಕ ಛಲೋ ಉದಾಹರಣಿ. ಒಂದು ಶೇರಿಗೆ 1,257 ರೂಪಾಯಿ, ಅದರಾಗ ಫೇಸ್ ವ್ಯಾಲ್ಯೂ 10. ಅರ್ಜಿ ಹಾಕುವಾಗ 314.25 ತಗೊಂಡ್ರು, ಅದರಾಗ 2.50 ಕ್ಯಾಪಿಟಲ್, 311.75 ಪ್ರೀಮಿಯಂ. 2021ರಾಗ ಎರಡು ಕಂತು ಕೇಳಿದ್ರು, ಮೇ ತಿಂಗಳದಾಗ ಮತ್ತ 314.25, ನವೆಂಬರ್‌ದಾಗ 628.50. ಪ್ರತಿ ಕಂತಿನ್ಯಾಗೂ ಕ್ಯಾಪಿಟಲ್ ಎಷ್ಟು ಪ್ರೀಮಿಯಂ ಎಷ್ಟು ಅಂತ ಮೊದಲ ಬರಕೊಂಡಿದ್ರು, ನೀವೂ ಠರಾವಿನ್ಯಾಗ ಹಂಗ ಬರಕೋರಿ.

ಕೇಳಿದ ಮ್ಯಾಲೂ ಬರದ ಇದ್ದ ರೊಕ್ಕಾ ಕಾಲ್ಸ್ ಇನ್ ಅರಿಯರ್ಸ್, ಕ್ಯಾಪಿಟಲ್‌ದಾಗಿಂದ ಕಳದು ತೋರಸಬೇಕು. ಕೇಳೂಕಿಂತ ಮೊದಲ ಕಟ್ಟಿದ್ರ ಅದು ಕ್ಯಾಪಿಟಲ್ ಅಲ್ಲ, ಸಾಲದ ಬಾಜುಕ ಹೊಣಿ ಅಂತ ಕುಂದರ್ತೈತಿ. ಪೂರಾ ಕಟ್ಟದ ಶೇರಿನವರ ವೋಟೂ ಕಟ್ಟಿದಷ್ಟಕ್ಕ.

ಕಂತು ಕಟ್ಟಲಿಲ್ಲ ಅಂದ್ರ ಶೇರ್ ಮುಟ್ಟುಗೋಲು ಹಾಕ್ಕೊಬಹುದಾ? ಕಟ್ಟಿದ ರೊಕ್ಕಾ ವಾಪಸ್ ಕೊಡಬೇಕಾ?

ಕಂಪನಿಯ ಒಳಗಿನ ನಿಯಮ ಬರದ ಆರ್ಟಿಕಲ್ಸ್‌ದಾಗ ಹಂಗಂತ ಬರದಿದ್ರ ಹಾಕ್ಕೊಬಹುದು, ಮೊದಲ ಕನಿಷ್ಠ 14 ದಿನದ ನೋಟೀಸ್ ಕೊಟ್ಟು. ವಾಪಸ್ ಕೊಡೂದಿಲ್ಲ.

100 ಶೇರ್, 10ರದು, ಪೂರಾ ಕೇಳೀರಿ, ಅಂವ 6ರಂಗ 600 ಕಟ್ಟ್ಯಾನ, 400 ಬಾಕಿ. ಶೇರ್ ಕ್ಯಾಪಿಟಲ್ 1,000 ಡೆಬಿಟ್, ಬಾಕಿ ಕಂತು 400 ಕ್ರೆಡಿಟ್, ಶೇರ್ ಫರ್ಫೀಚರ್ ಖಾತಿ 600 ಕ್ರೆಡಿಟ್. ಮುಂದ ಅವ ಶೇರನ್ನ ಬ್ಯಾರೆಯವ್ರಿಗೆ 7ರಂಗ ಕೊಟ್ರಿ ಅಂದ್ರ ಬ್ಯಾಂಕ್ 700, ಫರ್ಫೀಚರ್‌ದಾಗಿಂದ 300, ಎರಡೂ ಕೂಡಿ ಕ್ಯಾಪಿಟಲ್ ಮತ್ತ 1,000 ಆತು. ಉಳದ 300 ಕ್ಯಾಪಿಟಲ್ ರಿಸರ್ವ್‌ಗೆ. ಇಲ್ಲಿ ನೋಡ್ರಿ, ಹೊಸಾಂವ 7 ಕೊಟ್ರೂ ಹಳೇಂವ 6 ಕೊಟ್ಟಿದ್ದ, ಒಂದು ಶೇರಿಗೆ 10ಕ್ಕಿಂತ ಕಡಿಮಿ ಬಂದಿಲ್ಲ, ಅದಕ್ಕ ಇದು ನಡೀತೈತಿ. 4ಕ್ಕಿಂತ ಕಡಿಮಿಗೆ ಕೊಡಾಕ ಮಾತ್ರ ಬರೂದಿಲ್ಲ.

ನಾನು ರೊಕ್ಕಾ ಹಾಕಿಲ್ಲ, ಜಾಗಾ ಕೊಟ್ಟೀನಿ. ನನಗೂ ಶೇರ್ ಬರ್ತಾವಲ್ಲ?

ಬರ್ತಾವ. 12 ಲಕ್ಷದ ಜಾಗಾಕ್ಕ 12ರಂಗ 1 ಲಕ್ಷ ಶೇರ್ ಕೊಟ್ರ, ಜಾಗಾ 12 ಲಕ್ಷ ಡೆಬಿಟ್, ಕ್ಯಾಪಿಟಲ್ 10 ಲಕ್ಷ, ಪ್ರೀಮಿಯಂ 2 ಲಕ್ಷ ಕ್ರೆಡಿಟ್. ರಜಿಸ್ಟರ್ಡ್ ವ್ಯಾಲ್ಯೂಯರ್ ಕಡಿಂದ ಬೆಲಿ ಕಟ್ಟಿಸಬೇಕು, ಜಾಗಾ ಕಂಪನಿ ಹೆಸರಿಗೆ ರಜಿಸ್ಟರ್ ಆಗಬೇಕು, ರೊಕ್ಕಾ ಇಲ್ದ ಕೊಟ್ಟ ಶೇರ್ ಅಂತ ನೋಟಿನ್ಯಾಗ ಬ್ಯಾರೆ ತೋರಸಬೇಕು.

ತ್ರಾಸ ಇರೂದು ಬೆಲಿಯೊಳಗ. 4 ಲಕ್ಷದ ಜಾಗಾಕ್ಕ 12 ಲಕ್ಷ ಅಂತ ಬರದ್ರ ರೊಕ್ಕಾ ಹಾಕಿದ ಉಳದವರ ಪಾಲು ಅಷ್ಟ ತೆಳ್ಳಗಾತು, ಸಾಲಾ ಕೊಟ್ಟಾವನಿಗೂ ಸುಳ್ಳು ಚೀಲ ತೋರಿಸಿದಂಗಾತು. ಅಮೇರಿಕಾದಾಗ ಇದಕ್ಕ ನೀರು ಕುಡಿಸಿದ ಸ್ಟಾಕ್ ಅಂತಾರ. ಡೇನಿಯಲ್ ಡ್ರೂ ಅನ್ನಾಂವ ವಾಲ್ ಸ್ಟ್ರೀಟಿಗೆ ಬರೂಕಿಂತ ಮೊದಲ ದನದ ವ್ಯಾಪಾರಿ ಇದ್ದ, ಸಂತಿಗೆ ಒಯ್ಯುವಾಗ ದನಾಕ್ಕ ಉಪ್ಪು ತಿನಿಸಿ, ತೂಕದ ಮೊದಲ ಹೊಟ್ಟಿ ತುಂಬ ನೀರು ಕುಡಸ್ತಿದ್ದ ಅಂತ ಕತಿ ಹೇಳ್ತಾರ. ದನದ ಸಂತಿ ನೋಡಿದ ನಮಗ ಇದನ್ನ ಬಿಡಿಸಿ ಹೇಳೂದು ಬೇಕಿಲ್ಲ.

## ರೈತ ಕಂಪನಿಗಳ ಪ್ರಶ್ನೆ

ನಮ್ಮ ಎಫ್‌ಪಿಒದಾಗ 1,000 ಕೊಟ್ಟು ಶೇರ್ ತಗೊಂಡೀನಿ. ಕಂಪನಿ ಈಗ ಛಲೋ ನಡದೈತಿ, ಮಾರಿದ್ರ 5,000 ಬರ್ತೈತೇನು?

ಇಲ್ರೀ ಅಣ್ಣಾರ. ಪ್ರೊಡ್ಯೂಸರ್ ಕಂಪನಿಗೆ, ಅಂದ್ರ ನಿಮ್ಮ ಎಫ್‌ಪಿಒದಂಥ ರೈತ ಕಂಪನಿಗೆ, ಕಾಯ್ದೆದಾಗ ಬ್ಯಾರೆ ಅಧ್ಯಾಯನ ಐತಿ, 378ಎ ದಿಂದ ಮುಂದ. ಮೊದಲ 2002ರಾಗ ಹಳೇ ಕಾಯ್ದೆಕ್ಕ ಸೇರಿಸಿದ್ರು, 2020ರಾಗ ಹೊಸದಕ್ಕ ತಂದ್ರು. ಅದರ ಪ್ರಕಾರ ಶೇರನ್ನ ಬೋರ್ಡಿನ ಒಪ್ಪಗಿ ತಗೊಂಡು ಇನ್ನೊಬ್ಬ ಸಕ್ರಿಯ ಸದಸ್ಯನಿಗಷ್ಟ ಕೊಡಾಕ ಬರ್ತೈತಿ, ಅದೂ ಫೇಸ್ ವ್ಯಾಲ್ಯೂಗೆ. 1,000ದ ಶೇರ್ ಹತ್ತು ವರ್ಷ ಬಿಟ್ರೂ 1,000ಕ್ಕನ.

ಇದನ್ನ ಕೇಳಿ ಬಾಳ ಮಂದಿ ಮಾರಿ ಸಣ್ಣದ ಮಾಡ್ತಾರ, ಆದ್ರ ಇದು ಬೇಕಂತನ ಮಾಡಿದ ನಿಯಮ. ಇಲ್ಲಿ ನಿಮಗ ಬರಬೇಕಾದ್ದು ಶೇರಿನ ರೇಟಿನಿಂದ ಅಲ್ಲ, ನೀವು ಕಂಪನಿಗೆ ಹಾಕಿದ ಮಾಲಿನಿಂದ. ಶೇರಿಗೆ ಒಂದು ಮಿತಿಯ ಆದಾಯ, ಮ್ಯಾಲ ಉಳದದ್ದರಾಗ ಯಾರು ಎಷ್ಟು ವ್ಯವಹಾರ ಮಾಡ್ಯಾರ ಅದರ ಪ್ರಮಾಣದಾಗ ಪೇಟ್ರನೇಜ್ ಬೋನಸ್. ವೋಟು ಒಬ್ಬರಿಗೆ ಒಂದು, ಶೇರ್ ಎಷ್ಟಿದ್ರೂ. ರೇಟ್ ಏರಾಕ ಬಿಟ್ಟಿದ್ರ ರೊಕ್ಕಾ ಇದ್ದಾಂವ ಒಬ್ಬಾಂವ ಬಂದು ಎಲ್ಲಾ ಶೇರ್ ಹಿಡಕೊಂಡು ಬಿಡ್ತಿದ್ದ. ನಾಮಿನಿ ಹೆಸರು ಮಾತ್ರ ಸದಸ್ಯ ಆದ ಮೂರು ತಿಂಗಳದಾಗ ಬರಸ್ರಿ, ಇದನ್ನ ಮರತು ಎಷ್ಟೋ ಮನಿ ಮಂದಿ ಒದ್ದಾಡೂದನ್ನ ನೋಡೀನಿ.

ಸರ್ಕಾರದಿಂದ ಈಕ್ವಿಟಿ ಗ್ರಾಂಟ್ ಬಂದೈತಿ. ಅದು ಕಂಪನಿ ಆದಾಯ ಅಲ್ಲೇನು?

ಅಲ್ಲ. 2020ರಾಗ ಶುರುವಾದ 10,000 ಎಫ್‌ಪಿಒ ಯೋಜನಿಯೊಳಗ ಸದಸ್ಯರು ಹಾಕಿದಷ್ಟಕ್ಕ ಸರಿಸಮ, ಒಬ್ಬ ರೈತನಿಗೆ ಹೆಚ್ಚಂದ್ರ 2,000, ಒಂದು ಎಫ್‌ಪಿಒಗೆ ಹೆಚ್ಚಂದ್ರ 15 ಲಕ್ಷ ಕೊಡ್ತಾರ. ಅದು ಸದಸ್ಯರ ಪಾಲು ದೊಡ್ಡದು ಮಾಡಾಕ ಬಂದ ರೊಕ್ಕಾ, ಅವರ ಹೆಸರಿಗೆ ಶೇರ್ ಆಗಿ ಹೋಗಬೇಕು. ಪಗಾರಕ್ಕ, ಗೊಬ್ಬರ ಖರೀದಿ ಖರ್ಚಿಗೆ ಜಮಾ ಹಾಕಿ ಲಾಭ ತೋರಿಸಬ್ಯಾಡ್ರಿ. ಶೇರ್ ಕೊಡೂಕಿಂತ ಮೊದಲ ನಿಮ್ಮ ಆಥರೈಸ್ಡ್ ಕ್ಯಾಪಿಟಲ್ ಸಾಲ್ತೈತೇನು ಅಂತ ನೋಡ್ಕೊರಿ.

ನಮ್ಮ ಅಜ್ಜಾರ ಹೆಸರಿನ ಸಕ್ಕರಿ ಫ್ಯಾಕ್ಟರಿ ಶೇರೂ ಹಿಂಗನ?

ಸಹಕಾರಿ ಫ್ಯಾಕ್ಟರಿ ಇದ್ರ ಅದು ಕಂಪನಿ ಅಲ್ಲ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಕೆಳಗ ಬರ್ತೈತಿ, ಶೇರಿನ ಬೆಲಿ ವರ್ಗಾವಣಿ ಎಲ್ಲಾ ಅವರ ಬೈಲಾ ಪ್ರಕಾರ. ಪ್ರೈವೇಟ್ ಫ್ಯಾಕ್ಟರಿ ಇದ್ರ ಈ ಪ್ರಶ್ನೋತ್ತರ ನಿಮಗೂ ಲಾಗೂ.

## ಸ್ವಲ್ಪ ಆಳಕ್ಕ

ಕಂಪನಿ ಪರಿಸ್ಥಿತಿ ಛಲೋ ಇಲ್ಲ, ಯಾರೂ 10 ಕೊಡವಲ್ರು. 8 ರೂಪಾಯಿಗೆ ಹೊಸ ಶೇರ್ ಕೊಡಬಹುದಾ?

ಕೊಡಾಕ ಬರೂದಿಲ್ಲ. 53ನೇ ಸೆಕ್ಷನ್ ಪ್ರಕಾರ ಫೇಸ್ ವ್ಯಾಲ್ಯೂಕಿಂತ ಕಡಿಮಿಗೆ ಕೊಟ್ಟ ಶೇರ್ ಅಸಿಂಧು. ಎರಡು ವಿನಾಯಿತಿ ಅದಾವ: ದುಡದ ನೌಕರರಿಗೆ, ಡೈರೆಕ್ಟರ್‌ಗಳಿಗೆ ಕೊಡೂ ಸ್ವೆಟ್ ಈಕ್ವಿಟಿ, ಮತ್ತ ಕಾಯ್ದೆ ಒಪ್ಪಿದ ಪರಿಹಾರ ಯೋಜನಿಯೊಳಗ ಸಾಲಾ ಕೊಟ್ಟಾವನ ಬಾಕಿನ ಶೇರ್ ಆಗಿ ಬದಲ ಮಾಡೂದು. ಎರಡನೇದು 2017ರ ತಿದ್ದುಪಡಿಯಿಂದ ಬಂತು.

ಈ ನಿಯಮದ ಹಿಂದ ನಮ್ಮ ಕರ್ನಾಟಕದ ಮಣ್ಣಿನ ಒಂದು ಕೇಸ್ ಐತಿ, ಇದನ್ನ ಹೇಳದ ಮುಂದ ಹೋಗಾಕ ನನಗ ಮನಸ್ಸಾಗೂದಿಲ್ಲ. ಕೋಲಾರದ ಚಿನ್ನದ ಗಣಿಯೊಳಗ ಊರಿಗಾಂ ಅಂತ ಐತಲ್ಲ, ಅಲ್ಲಿ ಗಣಿ ನಡಸ್ತಿದ್ದ ಬ್ರಿಟಿಷ್ ಕಂಪನಿಗೆ ರೊಕ್ಕದ ಮುಗ್ಗಟ್ಟು ಬಂತು. ಅವರ ಹಳೇ ಶೇರಿನ ರೇಟ್ ನೆಲಾ ಕಚ್ಚಿತ್ತು, 1 ಪೌಂಡಿಗೆ ಹೊಸ ಶೇರ್ ತಗೊಳ್ಳಾವ್ರು ಯಾರೂ ಇರಲಿಲ್ಲ. ಅದಕ್ಕ ಅವರು 1 ಪೌಂಡಿನ ಪ್ರಿಫರೆನ್ಸ್ ಶೇರಿಗೆ 15 ಶಿಲ್ಲಿಂಗ್ ಆಗಲೇ ಕಟ್ಟ್ಯಾರ ಅಂತ ಪುಸ್ತಕದಾಗ ಬರಕೊಂಡು ಬರೇ 5 ಶಿಲ್ಲಿಂಗ್ ತಗೊಂಡು ಕೊಟ್ರು. ಆವಾಗ ಪೌಂಡಿಗೆ 20 ಶಿಲ್ಲಿಂಗ್. ರೋಪರ್ ಅನ್ನೂ ಶೇರುದಾರ ಕೋರ್ಟಿಗೆ ಹೋದ, 1892ರಾಗ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು: ಕಂಪನಿ ಒಳ್ಳೇ ಮನಸ್ಸಿನಿಂದ ಮಾಡಿರಬಹುದು, ಆದ್ರೂ ಫೇಸ್ ವ್ಯಾಲ್ಯೂಕಿಂತ ಕಡಿಮಿಗೆ ಶೇರ್ ಕೊಡೂ ಅಧಿಕಾರಾನ ಕಂಪನಿಗೆ ಇಲ್ಲ, ತಗೊಂಡವ್ರು ಉಳದ 15 ಶಿಲ್ಲಿಂಗ್‌ಗೂ ಹೊಣಿ.

ಹಂಗಾದ್ರ ಸೋತ ಕಂಪನಿ ಏನ್ ಮಾಡಬೇಕು? ಫೇಸ್ ವ್ಯಾಲ್ಯೂ ದೊಡ್ಡದು ಇದ್ರ ಕಾಯ್ದೆ ಪ್ರಕಾರ ಬಂಡವಾಳ ಇಳಿಸಿ ಆಮ್ಯಾಲ ಹೊಸ ಶೇರ್ ಕೊಡಬಹುದು, ಇಲ್ಲಾ ಸಾಲಾ ತರಬಹುದು. ಮೊದಲಿಗೆ ಫೇಸ್ ವ್ಯಾಲ್ಯೂ ಸಣ್ಣದು ಇಟ್ಟುಕೊಂಡ್ರ ಇಂಥಾ ಇಕ್ಕಟ್ಟು ಬರೂದು ಕಡಿಮಿ, ಅದಕ್ಕ ಹೊಸ ಕಂಪನಿ ಮಾಡಾವ್ರಿಗೆ ನಾ 100 ಬ್ಯಾಡ್ರಿ 10 ಸಾಕು ಅಂತೀನಿ.

ಬೋನಸ್ ಕೊಟ್ರೂ ಶೇರ್ ಜಾಸ್ತಿ ಆಗ್ತಾವ, ಸ್ಪ್ಲಿಟ್ ಮಾಡಿದ್ರೂ ಜಾಸ್ತಿ ಆಗ್ತಾವ. ಪುಸ್ತಕದಾಗ ಫರಕ್ ಏನು?

ಬಾಳ ಫರಕ್ ಐತಿ. ಮ್ಯಾಲಿನ ನಮ್ಮ ಕಂಪನಿನ ತಗೊಳ್ರಿ, ಕ್ಯಾಪಿಟಲ್ 1 ಲಕ್ಷ, ಪ್ರೀಮಿಯಂ 4 ಲಕ್ಷ. ಒಂದಕ್ಕೊಂದು ಬೋನಸ್ ಕೊಟ್ರ ಪ್ರೀಮಿಯಂ 1 ಲಕ್ಷ ಡೆಬಿಟ್, ಕ್ಯಾಪಿಟಲ್ 1 ಲಕ್ಷ ಕ್ರೆಡಿಟ್. ಈಗ ಕ್ಯಾಪಿಟಲ್ 2 ಲಕ್ಷ, ಪ್ರೀಮಿಯಂ 3 ಲಕ್ಷ, ಒಟ್ಟು ಅಷ್ಟ, ಆದ್ರ ಬೀಜದ ಚೀಲ ದೊಡ್ಡದಾತು. ಬೋನಸನ್ನ ಫ್ರೀ ರಿಸರ್ವ್ (ಹಂಚಾಕ ಬರೂ ಉಳದ ಲಾಭ), ಪ್ರೀಮಿಯಂ, ಕ್ಯಾಪಿಟಲ್ ರಿಡೆಂಪ್ಶನ್ ರಿಸರ್ವ್ (ಮುಂದ ಬೈಬ್ಯಾಕ್‌ದಾಗ ಹೇಳ್ತೀನಿ) ಈ ಮೂರರಿಂದ ಕೊಡಬಹುದು. ಜಾಗಾದ ಬೆಲಿ ಏರೈತಿ ಅಂತ ಪುಸ್ತಕದಾಗ ಏರಿಸಿಕೊಂಡ ರೀವ್ಯಾಲ್ಯುಯೇಶನ್ ರಿಸರ್ವ್‌ದಿಂದ ಕೊಡಂಗಿಲ್ಲ.

ಸ್ಪ್ಲಿಟ್‌ದಾಗ ರೊಕ್ಕದ ಎಂಟ್ರಿನ ಇಲ್ಲ. 10ರ ಒಂದು ಶೇರ್ 2ರವು ಐದು ಆದ್ವು, 10,000 ಇದ್ದದ್ದು 50,000 ಆತು, ಕ್ಯಾಪಿಟಲ್ ಅದ 1 ಲಕ್ಷ.

ಒಬ್ಬ ಪಾಲುದಾರ ಹೊರಗ ಹೋಗ್ತಾನ, ಕಂಪನಿನ ಅವನ ಶೇರ್ ತಗೊಂಡ್ರ ನಡೀತೈತಾ?

ಬೈಬ್ಯಾಕ್ ಅಂತ ಐತಿ, 68ನೇ ಸೆಕ್ಷನ್, ಆದ್ರ ಅವನೊಬ್ಬನ್ನ ಎತ್ತಿ ಹೊರಗ ಇಡಾಕ ಮಾಡಿದ ದಾರಿ ಅದಲ್ಲ, ಎಲ್ಲಾ ಶೇರುದಾರರ ಮುಂದ ಅವರವರ ಪ್ರಮಾಣದಾಗ ಇಡಬೇಕು, ಬ್ಯಾಡ ಅಂದವ್ರು ಬಿಡ್ತಾರ. ಪೇಡ್ ಅಪ್ ಮತ್ತ ಫ್ರೀ ರಿಸರ್ವ್ ಕೂಡಿದ್ದರ 25 ಪರ್ಸೆಂಟ್ ಮೀರಂಗಿಲ್ಲ, ಆದ ಮ್ಯಾಲ ಸಾಲಾ ಬಂಡವಾಳದ ಎರಡರಷ್ಟಕ್ಕಿಂತ ಹೆಚ್ಚು ಇರಂಗಿಲ್ಲ. ಮುಗದ 7 ದಿನದಾಗ ಆ ಶೇರ್ ನಾಶ ಮಾಡಬೇಕು, ಕಂಪನಿ ತನ್ನ ಹೆಸರಿಗೆ ಇಟ್ಟುಕೊಳ್ಳಂಗಿಲ್ಲ.

ಎಂಟ್ರಿ ನೋಡ್ರಿ. 10ರ 1,000 ಶೇರನ್ನ 60ರಂಗ ತಗೊಂಡ್ರ ಬ್ಯಾಂಕಿನಿಂದ 60,000 ಹೋತು: ಕ್ಯಾಪಿಟಲ್ 10,000 ಡೆಬಿಟ್, ಪ್ರೀಮಿಯಂ 50,000 ಡೆಬಿಟ್. ಈಗ ಚೀಲದಾಗ 10,000ದ ತೂತು ಬಿತ್ತಲ್ಲ, ಅದನ್ನ ಮುಚ್ಚಾಕ ಫ್ರೀ ರಿಸರ್ವ್ ಇಲ್ಲಾ ಪ್ರೀಮಿಯಂದಾಗಿಂದ ಅಷ್ಟ 10,000 ತಗದು ಕ್ಯಾಪಿಟಲ್ ರಿಡೆಂಪ್ಶನ್ ರಿಸರ್ವ್‌ಗೆ ಹಾಕಬೇಕು, ಆ ರಿಸರ್ವ್ ಬೋನಸ್‌ಗೆ ಬಿಟ್ರ ಬ್ಯಾರೆ ಯಾವುದಕ್ಕೂ ಬರೂದಿಲ್ಲ. ಪ್ರಾಮಾಣಿಕವಾಗಿ ಹೇಳಬೇಕಂದ್ರ ಸಣ್ಣ ಕಂಪನಿಯೊಳಗ ಉಳದ ಪಾಲುದಾರರು ತಮ್ಮ ರೊಕ್ಕದಿಂದ ಅವನ ಶೇರ್ ಕೊಂಡುಕೊಳ್ಳೂದ ಹಗುರ, ಆವಾಗ ಕ್ಯಾಪಿಟಲ್ ಖಾತಿ ಅಳಗಾಡೂದ ಇಲ್ಲ, ಹೆಸರು ಬದಲ ಆಗ್ತೈತಿ ಅಷ್ಟ.

ಅಮೇರಿಕಾದ ಕಂಪನಿ ಶೇರಿಗೆ 0.00001 ಡಾಲರ್ ಅಂತ ಬರದಿರ್ತೈತಲ್ಲ, ಅದು ಏನಾಟ?

ಆ್ಯಪಲ್‌ದು ಖರೇನ ಅಷ್ಟ, 0.00001 ಡಾಲರ್. ಕೋಕಾಕೋಲಾದ್ದು 25 ಸೆಂಟ್. ಅಲ್ಲಿ ಬಾಳ ರಾಜ್ಯದಾಗ ಫೇಸ್ ವ್ಯಾಲ್ಯೂ ಎಷ್ಟರ ಇಡಬಹುದು, ಇಡದನೂ ಬಿಡಬಹುದು, ನ್ಯೂಯಾರ್ಕ್ 1912ರಾಗನ ಮುಖಬೆಲಿ ಇಲ್ಲದ ಶೇರಿಗೆ ಒಪ್ಪಗಿ ಕೊಡ್ತು. ಫೇಸ್ ವ್ಯಾಲ್ಯೂ ಅಷ್ಟ ಸಣ್ಣದಿದ್ದಾಗ ಬಂದ ರೊಕ್ಕದಾಗ ಬಹುತೇಕ ಎಲ್ಲಾ ಅಡಿಷನಲ್ ಪೇಡ್ ಇನ್ ಕ್ಯಾಪಿಟಲ್ ಅನ್ನೂ ಸಾಲಿಗೆ ಹೋಗ್ತೈತಿ, ನಮ್ಮ ಪ್ರೀಮಿಯಂ ಇದ್ದಂಗ. ಮುಖಬೆಲಿ ಇಲ್ಲದ ಶೇರಿನ್ಯಾಗ ಎಷ್ಟನ್ನ ಕಾಯ್ದೆಯ ಬಂಡವಾಳ ಅನ್ನಬೇಕು ಅಂತ ಡೆಲವೇರ್‌ನಂಥ ರಾಜ್ಯದಾಗ ಬೋರ್ಡ್ ಠರಾಯಿಸ್ತೈತಿ.

ಆಸ್ಟ್ರೇಲಿಯಾ 1998ರಾಗ, ಸಿಂಗಾಪುರ 2006ರಾಗ, ಹಾಂಗ್‌ಕಾಂಗ್ 2014ರಾಗ, ಮಲೇಶಿಯಾ 2017ರಾಗ ಫೇಸ್ ವ್ಯಾಲ್ಯೂ ಅನ್ನೂದನ್ನ ತಗದ ಹಾಕಿದ್ವು, ಅಲ್ಲಿ ಶೇರಿಗೆ ಬಂದ ರೊಕ್ಕಾ ಎಲ್ಲಾ ಒಂದ ಖಾತಿಗೆ. ಸಾಲಾ ಕೊಡಾವ ಇವತ್ತು ನೋಡೂದು ಆ 10 ರೂಪಾಯಿನಲ್ಲ, ಕಂಪನಿಗೆ ರೊಕ್ಕಾ ತೀರಿಸೂ ತಾಕತ್ತು ಐತಿಲ್ಲೋ ಅಂತ, ಅನ್ನೂದು ಅವರ ವಾದ. ವಾದದಾಗ ತೂಕ ಐತಿ. ಆದ್ರ ನಮ್ಮ ಕಾಯ್ದೆಯೊಳಗ ಮುಖಬೆಲಿ ಇರೂತನಕ ಅದನ್ನ ಕೇವಲ ಅಂಕಿ ಅಂತ ತಿಳದು ಸಡಲ ಬಿಡಬ್ಯಾಡ್ರಿ.

ಆಥರೈಸ್ಡ್ ಮೀರಿ ಶೇರ್ ಕೊಟ್ಟುಬಿಟ್ಟೀವಿ ಅಂತ ಈಗ ಗೊತ್ತಾತು ಮೇಡಂ, ಏನ್ ಮಾಡೂದು?

ಆ ಹೆಚ್ಚಿನ ಶೇರ್ ಕಾಯ್ದೆ ಮುಂದ ನಿಲ್ಲೂದಿಲ್ಲ, ಹಿಂದಿನ ತಾರೀಖು ಹಾಕಿ ಸರಿ ಮಾಡಾಕ ಹೋಗಬ್ಯಾಡ್ರಿ. ಮೊದಲ ಶೇರುದಾರರ ಸಭೆಯೊಳಗ ಆಥರೈಸ್ಡ್ ಏರಿಸಿ, 30 ದಿನದಾಗ ಎಸ್‌ಎಚ್ 7 ಫಾರ್ಮ್ ಫೀ ಜೋಡಿ ಹಾಕಿ, ಆಮ್ಯಾಲ ಹೊಸದಾಗಿ ಅಲಾಟ್ ಮಾಡ್ರಿ. 60 ದಿನದ ಲೆಕ್ಕಾ ತಲಿಮ್ಯಾಲ ಇರ್ತೈತಿ, ಅದಕ್ಕ ಕಂಪನಿ ಸೆಕ್ರೆಟರಿ ಒಬ್ಬರನ್ನ ಕೂಡಿಸಿಕೊಂಡ ಮಾಡ್ರಿ.

ವರ್ಷದ ಕೊನಿಗೆ ಶೇರ್ ಕ್ಯಾಪಿಟಲ್ ನೋಟಿನ್ಯಾಗ ಏನೇನು ಬರಬೇಕು?

ಬ್ಯಾಲೆನ್ಸ್ ಶೀಟ್ ಹೆಂಗಿರಬೇಕು ಅಂತ ಹೇಳೂ ಕಾಯ್ದೆಯ ಷೆಡ್ಯೂಲ್ 3 ಕೇಳೂದು: ಆಥರೈಸ್ಡ್, ಇಶ್ಯೂಡ್, ಪೂರಾ ಕಟ್ಟಿದ್ದು, ಕಟ್ಟದ್ದು, ಒಂದು ಶೇರಿನ ಫೇಸ್ ವ್ಯಾಲ್ಯೂ, ವರ್ಷದ ಶುರುವಿಗೆ ಎಷ್ಟು ಶೇರ್ ಇದ್ವು ಕೊನಿಗೆ ಎಷ್ಟು ಆದ್ವು, 5 ಪರ್ಸೆಂಟ್‌ಗಿಂತ ಹೆಚ್ಚು ಇದ್ದವರ ಹೆಸರು, ಪ್ರಮೋಟರ್‌ಗಳ ಪಾಲು, ಐದು ವರ್ಷದಾಗ ಕೊಟ್ಟ ಬೋನಸ್, ಬಾಕಿ ಕಂತು, ಮುಟ್ಟುಗೋಲು.

ಇದನ್ನ ಬರಿಯೂಕಿಂತ ಮೊದಲ ಸದಸ್ಯರ ರಜಿಸ್ಟರ್ ತಗದು ಒಂದೊಂದು ಹೆಸರು ಕೂಡಸ್ರಿ, ಕ್ಯಾಪಿಟಲ್ ಖಾತಿಗೆ ತಾಳಿ ಬೀಳಬೇಕು. ಹೋದ ವರ್ಷ ಒಂದು ರೈತ ಕಂಪನಿಯೊಳಗ ಒಬ್ಬರಿಗೊಂದರಂಗ 1,000ದ ಶೇರ್, ಖಾತಿಯೊಳಗ 3,11,000, ಕೆಂಪು ಅರಿವಿ ಕಟ್ಟಿನ ರಜಿಸ್ಟರಿನ್ಯಾಗ 312 ಹೆಸರು. ನಾನೂ ಅಲ್ಲಿಯ ಹುಡುಗನೂ ಮಧ್ಯಾಹ್ನ ಪೂರ್ತಿ ಕುಂತು ಸರ್ಟಿಫಿಕೇಟ್ ಪ್ರತಿ ಒಂದೊಂದಾಗಿ ತಿರುವಿದ್ವಿ. 147ನೇ ನಂಬರ್ ಎರಡು ಸಲ ಇತ್ತು, ತೀರಿಹೋದ ತಂದಿ ಹೆಸರು ಹೊಡದ ಹಾಕದ ಕೆಳಗ ಮಗನ ಹೆಸರು ಬರದಿದ್ರು.